ಠಾಣೆ–ಬೇಲಾಪುರ ರಸ್ತೆಯ ಕಮಾಂಡ್ ಕಸುಬು

ಒಂದೇ ಕಂಪ್ಯೂಟರಿನ ಒಳಗೆ ಹಲವು ಕಂಪ್ಯೂಟರುಗಳು ಬೇರೆಬೇರೆಯಾಗಿ ನಡೆಯುವಂತೆ ಮಾಡುವ ಏರ್ಪಾಡಿಗೆ ವರ್ಚುವಲ್ ಮಷೀನ್ ಎಂದು ಹೆಸರು. ಕೆಲಸ ಮಾಡುವವರ ಬಾಯಲ್ಲಿ ಅದು ಬರೀ ವಿಎಂ. ಒಳಗಿನ ಪ್ರತಿ ಯಂತ್ರಕ್ಕೂ ತನ್ನದೇ ಪ್ರೊಸೆಸರ್, ಮೆಮೊರಿ, ಡಿಸ್ಕ್ ಇದ್ದಂತೆ ತೋರಿಸಿ, ನಿಜವಾದ ಯಂತ್ರದ ಶಕ್ತಿಯನ್ನು ಅವುಗಳಿಗೆ ಹಂಚಿಕೊಡುವ ತಂತ್ರಾಂಶವೇ ಹೈಪರ್‌ವೈಸರ್. ಇಂಥ ವಿಎಂ ಒಂದನ್ನು ಹುಟ್ಟಿಸುವುದು, ಎಬ್ಬಿಸುವುದು, ನಿಲ್ಲಿಸುವುದು, ನಡೆಯುತ್ತಿರುವಾಗಲೇ ಇನ್ನೊಂದು ಸರ್ವರಿಗೆ ಸಾಗಿಸುವುದು, ಕೊನೆಗೆ ಅಳಿಸುವುದು ಎಲ್ಲವೂ ಕೀಲಿಮಣೆಯಲ್ಲಿ ಒಂದೊಂದು ಸಾಲು, ಅಂದರೆ ಒಂದೊಂದು ಕಮಾಂಡ್, ಟೈಪ್ ಮಾಡಿ ಆಗುವ ಕೆಲಸ. ಠಾಣೆಯ ವಾಗ್ಳೆ ಎಸ್ಟೇಟಿನಿಂದ ಐರೋಲಿ, ರಬಾಳೆ, ಘಣಸೋಲಿ, ಮಹಾಪೆ, ತುರ್ಭೆಗಳನ್ನು ಹಾದು ಬೇಲಾಪುರ ಮುಟ್ಟುವ ಪಟ್ಟಿಯಲ್ಲಿ ಈ ಕೆಲಸ ಸುಮಾರು ಎರಡು ದಶಕಗಳಲ್ಲಿ ಒಂದು ಕಸುಬಾಗಿ ನೆಲೆ ನಿಂತಿದೆ. ಡೊಂಬಿವಲಿ, ಕಲ್ಯಾಣ್‌ಗಳಿಂದ ಪಾಳಿ ಹಿಡಿದು ಹೊರಡುವ ಸಾವಿರಾರು ಮನೆಗಳ ಊಟ ಇದರಿಂದ ನಡೆಯುತ್ತದೆ. ಪರದೆಯ ಮೇಲೆ ಗುಂಡಿ ಒತ್ತಿ ಮಾಡುವ ಸಲಕರಣೆಗಳು ಬಂದು ಎಷ್ಟೋ ವರ್ಷಗಳಾದರೂ ಇಲ್ಲಿಯವರು ಟೈಪ್ ಮಾಡಿದ ಸಾಲನ್ನು ಬಿಟ್ಟಿಲ್ಲ. ಏಕೆ ಬಿಟ್ಟಿಲ್ಲ ಎಂಬುದಕ್ಕೆ ಉತ್ತರ ಈ ಪ್ರದೇಶದ ಚರಿತ್ರೆಯಲ್ಲಿದೆ. ಇಲ್ಲಿಯ ಕೆಲಸಗಾರನಿಗೂ ಯಂತ್ರಕ್ಕೂ ನಡುವೆ ಯಾವಾಗಲೂ ದೂರವಿತ್ತು. ಕೆಲಸ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಪಾಳಿಯಲ್ಲಿ ದಾಟುತ್ತಿತ್ತು. ಮಾಡಿದ್ದಕ್ಕೆಲ್ಲ ಲೆಕ್ಕ ಒಪ್ಪಿಸಬೇಕಿತ್ತು.

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಪಟ್ಟಣದಲ್ಲಿ. ಅಲ್ಲಿದ್ದ ಐಬಿಎಂ ಕೇಂದ್ರ 1964ರಲ್ಲಿ ಕೈಗೆತ್ತಿಕೊಂಡ ಸಿಪಿ-40 ಎಂಬ ಯೋಜನೆ 1967ರ ಹೊತ್ತಿಗೆ ಬಳಕೆಗೆ ಬಂದು, ಒಂದೇ ಸಿಸ್ಟಂ/360 ಯಂತ್ರದಲ್ಲಿ ಏಕಕಾಲಕ್ಕೆ 14 ವರ್ಚುವಲ್ ಯಂತ್ರಗಳನ್ನು ನಡೆಸಿತು. ಅದರ ಮುಂದಿನ ರೂಪ ಸಿಪಿ-67. 1972ರ ಆಗಸ್ಟ್ 2ರಂದು ಐಬಿಎಂ ವಿಎಂ/370 ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮೊದಲ ದಿನಗಳ ಟರ್ಮಿನಲ್ ಎಂದರೆ ಕಾಗದದ ಮೇಲೆ ಅಚ್ಚೊತ್ತುವ ಟೈಪ್‌ರೈಟರು. ಬಳಕೆದಾರ ಒಂದು ಸಾಲು ಟೈಪ್ ಮಾಡಿದರೆ ಅದರ ಕೆಳಗೆ ಯಂತ್ರದ ಉತ್ತರ ಅಚ್ಚಾಗುತ್ತಿತ್ತು. ‘ಕ್ವೆರಿ’ ಎಂದರೆ ಏನೇನಿದೆ ಎಂಬ ವಿವರ, ‘ಡಿಫೈನ್’ ಎಂದರೆ ಹೊಸ ಮೆಮೊರಿಯನ್ನೋ ಸಾಧನವನ್ನೋ ಗೊತ್ತುಮಾಡುವುದು, ‘ಲಿಂಕ್’ ಎಂದರೆ ಇನ್ನೊಬ್ಬರ ಡಿಸ್ಕಿಗೆ ಜೋಡಿಸಿಕೊಳ್ಳುವುದು, ‘ಐಪಿಎಲ್’ ಎಂದರೆ ಯಂತ್ರವನ್ನು ಎಬ್ಬಿಸುವುದು.

ಆ ವ್ಯವಸ್ಥೆಯ ಎರಡು ಗುಣಗಳನ್ನು ಗಮನಿಸಬೇಕು, ಏಕೆಂದರೆ ಇಂದಿನ ಸಲಕರಣೆಗಳಲ್ಲೂ ಅವು ಹಾಗೆಯೇ ಉಳಿದಿವೆ. ಪ್ರತಿ ವರ್ಚುವಲ್ ಯಂತ್ರಕ್ಕೂ ಒಂದು ಡೈರೆಕ್ಟರಿ ನಮೂದು ಇತ್ತು: ಹೆಸರು, ಪಾಸ್‌ವರ್ಡ್, ಎಷ್ಟು ಮೆಮೊರಿ, ಯಾವ ಡಿಸ್ಕಿನ ಎಷ್ಟು ಭಾಗ ಎಂದು ಓದಬಹುದಾದ ಅಕ್ಷರಗಳಲ್ಲಿ ಬರೆದ ಕೆಲವು ಸಾಲುಗಳು. ಯಂತ್ರ ಎಂಬುದು ಬರವಣಿಗೆಯಲ್ಲಿ ಹಿಡಿದಿಡಬಹುದಾದ ವಸ್ತುವಾದದ್ದು ಆಗಲೇ. ಎರಡನೆಯದಾಗಿ, ಕಮಾಂಡುಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ, ಯಾರಿಗೆ ಯಾವ ವರ್ಗ ಎಂದು ನಿಗದಿ ಮಾಡಿದ್ದರು. ಇಡೀ ವ್ಯವಸ್ಥೆಯನ್ನು ನಿಲ್ಲಿಸುವ ಕಮಾಂಡ್ ಎ ವರ್ಗದ ಆಪರೇಟರಿಗೆ ಮಾತ್ರ. ಸಾಮಾನ್ಯ ಬಳಕೆದಾರನಿಗೆ ಜಿ ವರ್ಗ. ಅಧಿಕಾರವನ್ನು ಕಮಾಂಡಿನ ಮಟ್ಟದಲ್ಲೇ ಹಂಚುವ ಈ ಕ್ರಮವನ್ನು ಮುಂದೆ ಬ್ಯಾಂಕುಗಳ ಸರ್ವರ್ ಕೋಣೆಗಳೂ ಪಾಲಿಸಿದವು.

ಕೇಂಬ್ರಿಜ್‌ನಲ್ಲಿ ಇದು ನಡೆಯುವಾಗ ಠಾಣೆ ಕಾರ್ಖಾನೆಗಳ ಊರಾಗುತ್ತಿತ್ತು. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ತನ್ನ ಮೊದಲ ಕೈಗಾರಿಕಾ ವಸಾಹತನ್ನು ವಾಗ್ಳೆ ಎಸ್ಟೇಟಿನಲ್ಲಿ ಕಟ್ಟಿತು. ಖಾಡಿಯ, ಅಂದರೆ ಒಳನಾಡಿಗೆ ಚಾಚಿದ ಸಮುದ್ರದ ತೋಳಿನ, ಪೂರ್ವದಂಡೆಯ ಠಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ ರಾಸಾಯನಿಕ ಮತ್ತು ಪೆಟ್ರೋಕೆಮಿಕಲ್ ಕಾರ್ಖಾನೆಗಳು ಎದ್ದವು. ನೋಸಿಲ್ ಅವುಗಳಲ್ಲಿ ಹೆಸರಾಂತದ್ದು. 1970ರಲ್ಲಿ ಸಿಡ್ಕೊ ಎಂಬ ನಗರ ನಿರ್ಮಾಣ ನಿಗಮ ಹುಟ್ಟಿ ನವಿಮುಂಬಯಿಯ ನಕ್ಷೆ ನೆಲಕ್ಕಿಳಿಯತೊಡಗಿತು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಅವರು 1965ರಲ್ಲಿ ಮುಂದಿಟ್ಟ ಕಲ್ಪನೆ ಅದು. ಮುಂಬಯಿಯ ಒತ್ತಡವನ್ನು ಖಾಡಿಯ ಆಚೆಗೆ ಸರಿಸುವುದು ಅವರ ಉದ್ದೇಶವಾಗಿತ್ತು. ಆ ನೆಲದಲ್ಲಿ ಮುಂದೆ ಜನರಿಗಿಂತ ಹೆಚ್ಚು ವಿದ್ಯುತ್ತು ಬೇಡುವ ಕಟ್ಟಡಗಳು ಬರುತ್ತವೆಂದು ಆಗ ಯಾರೂ ಎಣಿಸಿರಲಾರರು.

ವಿಎಂ/370ರ ಉಚ್ಛ್ರಾಯದ ಕಾಲದಲ್ಲಿ ಭಾರತದಿಂದ ಐಬಿಎಂ ಹೊರಟುಹೋಯಿತು. 1973ರ ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ಕಂಪನಿಯ ಒಡೆತನವನ್ನು ಭಾರತೀಯರೊಡನೆ ಹಂಚಿಕೊಳ್ಳಲು ಒಪ್ಪದೆ ಅದು 1978ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಇಲ್ಲಿಯ ಒಂದು ತಲೆಮಾರು ವರ್ಚುವಲ್ ಯಂತ್ರವನ್ನು ಮುಟ್ಟದೆಯೇ ಕಂಪ್ಯೂಟರ್ ಕಲಿಯಿತು. ಅದರ ಬದಲು ಅವರ ಕೈಗೆ ಸಿಕ್ಕಿದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಬ್ಯಾಂಕುಗಳ ಯಾಂತ್ರೀಕರಣ ಕುರಿತು ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳು ಕೊಂಡ ಮಿನಿ ಕಂಪ್ಯೂಟರುಗಳಲ್ಲಿ ಯುನಿಕ್ಸ್ ನಡೆಯುತ್ತಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಂದು ವಿಭಾಗ 1985ರಲ್ಲಿ ಎನ್‌ಸಿಎಸ್‌ಟಿ ಎಂಬ ಸ್ವತಂತ್ರ ಸಾಫ್ಟ್‌ವೇರ್ ಸಂಸ್ಥೆಯಾಗಿ ಜುಹುವಿನಲ್ಲಿ ನೆಲೆಯಾಯಿತು. ದೇಶದ ವಿದ್ಯಾಸಂಸ್ಥೆಗಳನ್ನು ಬೆಸೆದ ಅರ್ನೆಟ್ ಜಾಲದಲ್ಲಿ ಅದರ ಪಾತ್ರ ದೊಡ್ಡದು. ಮುಂದೆ ಆ ಸಂಸ್ಥೆ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಕೇಂದ್ರ ಸಿ-ಡ್ಯಾಕ್‌ನಲ್ಲಿ ಸೇರಿಹೋಯಿತು. ಖಾರ್ಘರ್ ಸ್ಟೇಷನ್ನಿನ ಎದುರಿಗಿರುವ ಸಿ-ಡ್ಯಾಕ್ ಆವರಣ ಆ ಪರಂಪರೆಯದು. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ, ಒಂದರ ಉತ್ತರವನ್ನು ಇನ್ನೊಂದಕ್ಕೆ ಉಣಿಸಿ, ಪದೇಪದೇ ಮಾಡುವ ಕೆಲಸವನ್ನು ಸ್ಕ್ರಿಪ್ಟ್ ಆಗಿ ಬರೆದಿಡುವ ಅಭ್ಯಾಸ ಮುಂಬಯಿಯಲ್ಲಿ ಬೇರುಬಿಟ್ಟದ್ದು ಹೀಗೆ, ವಿಎಂ ಬರುವ ಮೊದಲೇ. ವಿಎಂ ಬಂದಾಗ ಇಲ್ಲಿಯವರಿಗೆ ಹೊಸದಾದದ್ದು ಯಂತ್ರವೇ ಹೊರತು ಕೈಗೆ ಕೂತ ಕೆಲಸದ ರೀತಿ ಅಲ್ಲ.

ತೊಂಬತ್ತರ ದಶಕದಲ್ಲಿ ದೂರ ಎಂಬುದು ವ್ಯಾಪಾರವಾಯಿತು. ಅಂಧೇರಿಯ ರಫ್ತು ವಲಯ ಸೀಪ್ಜ್‌ನಲ್ಲಿ ತುಂಬಿ ತುಳುಕಿದ ಸಾಫ್ಟ್‌ವೇರ್ ಕಂಪನಿಗಳು ಖಾಡಿ ದಾಟಿ ಐರೋಲಿ, ಮಹಾಪೆಗಳಿಗೆ ಬಂದವು. ವಾಶಿ ಸ್ಟೇಷನ್ನಿನ ಮೇಲೆಯೇ ಸಿಡ್ಕೊ ಇನ್ಫೋಟೆಕ್ ಪಾರ್ಕ್ ಕಟ್ಟಿತು. 2000ನೇ ಇಸವಿಯ ದಿನಾಂಕದ ಸಮಸ್ಯೆಯನ್ನು ಸರಿಪಡಿಸುವ ಕೆಲಸದಿಂದ ಅಮೆರಿಕ, ಯುರೋಪುಗಳ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳಿಗೆ ಇಲ್ಲಿಂದಲೇ ಲಾಗಿನ್ ಆಗುವ ವಾಡಿಕೆ ಬೆಳೆಯಿತು. ಸಮುದ್ರದಾಚೆಯ ಯಂತ್ರದೊಂದಿಗೆ ಬಾಡಿಗೆ ಲೈನಿನ ಮೇಲೆ ಮಾತಾಡುವಾಗ ಚಿತ್ರಗಳನ್ನು ಸಾಗಿಸುವುದು ದುಬಾರಿ, ಅಕ್ಷರಗಳನ್ನು ಸಾಗಿಸುವುದು ಅಗ್ಗ. ಒಂದು ಕಮಾಂಡ್ ಎಂದರೆ ಹತ್ತಾರು ಅಕ್ಷರ. ಐರೋಲಿಯಲ್ಲಿ ಕೂತವನಿಗೆ ಯಂತ್ರ ನ್ಯೂಜೆರ್ಸಿಯಲ್ಲಿದ್ದರೂ ಪಕ್ಕದ ಕೋಣೆಯಲ್ಲಿದ್ದರೂ ಟೈಪ್ ಮಾಡಬೇಕಾದ ಸಾಲು ಅದೇ. ಈ ಕಸುಬಿನ ಮೊದಲ ಅಡಿಪಾಯ ಇದು.

ಅದೇ ಹೊತ್ತಿಗೆ ಯಂತ್ರಗಳೇ ಈ ದಂಡೆಗೆ ಬಂದವು. 2002ರ ಕೊನೆಯಲ್ಲಿ ರಿಲಯನ್ಸ್ ಇನ್ಫೋಕಾಮ್ ತನ್ನ ಮೊಬೈಲ್ ಸೇವೆಯನ್ನು ಆರಂಭಿಸಿದಾಗ ಅದರ ಕೇಂದ್ರವಾಗಿದ್ದದ್ದು ಕೋಪರ್‌ಖೈರಣೆಯ ಧೀರೂಭಾಯಿ ಅಂಬಾನಿ ನಾಲೆಜ್ ಸಿಟಿ. ಸರ್ವರುಗಳನ್ನು ಒಟ್ಟಾಗಿ ಇಟ್ಟು ನಡೆಸುವ ಡೇಟಾ ಸೆಂಟರುಗಳೂ ಅಲ್ಲಿದ್ದವು. ಸ್ಟೇಟ್ ಬ್ಯಾಂಕಿನ ಗ್ಲೋಬಲ್ ಐಟಿ ಸೆಂಟರ್ ಬೇಲಾಪುರದ ಸಿಬಿಡಿಯಲ್ಲಿ ನಿಂತಿತು. ರಿಸರ್ವ್ ಬ್ಯಾಂಕಿನ ಡೇಟಾ ಸೆಂಟರ್ ಖಾರ್ಘರ್‌ನಲ್ಲಿದೆ. ಕೋರ್ ಬ್ಯಾಂಕಿಂಗ್ ಬಂದು ಶಾಖೆಯ ಲೆಡ್ಜರ್ ಶಾಖೆಯಲ್ಲಿ ಉಳಿಯದೆ ಕೇಂದ್ರದ ಸರ್ವರಿಗೆ ಹೋದ ಕಾಲ ಇದು. ಮುಂಬಯಿಯ ಕರಾವಳಿಯಲ್ಲಿ ಸಮುದ್ರದಡಿಯ ಕೇಬಲ್ಲುಗಳು ದಡ ಸೇರುತ್ತವೆ, ಷೇರುಪೇಟೆ ಮತ್ತು ಬ್ಯಾಂಕುಗಳ ಮುಖ್ಯ ಕಚೇರಿಗಳು ಅಲ್ಲಿವೆ. ಖಾಡಿಯ ಈಚೆ ಎಂಐಡಿಸಿಯ ಜಾಗವಿತ್ತು, ಕಾರ್ಖಾನೆಗಳಿಗೆಂದು ಎಳೆದ ವಿದ್ಯುತ್ ವ್ಯವಸ್ಥೆಯಿತ್ತು. ಕಾರ್ಖಾನೆಗಳು ಕಡಿಮೆಯಾದಂತೆ ಆ ಜಾಗಕ್ಕೆ ಸರ್ವರುಗಳು ಬಂದವು.

ಬಂದ ಸರ್ವರುಗಳಲ್ಲಿ ಹೆಚ್ಚಿನವು ಬಹುಪಾಲು ಸಮಯ ಸುಮ್ಮನಿರುತ್ತಿದ್ದವು. ಒಂದು ಅಪ್ಲಿಕೇಶನ್‌ಗೆ ಒಂದು ಸರ್ವರ್ ಎಂಬುದು ಆಗಿನ ನಿಯಮ. ಹೀಗಾಗಿ ರ್ಯಾಕ್ ತುಂಬುತ್ತಿತ್ತು, ಎಸಿ ಮತ್ತು ಕರೆಂಟಿನ ಬಿಲ್ಲು ಏರುತ್ತಿತ್ತು, ಪ್ರೊಸೆಸರ್ ಮಾತ್ರ ಖಾಲಿ ಕೂತಿರುತ್ತಿತ್ತು. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ವಿಎಂವೇರ್ ಇದಕ್ಕೆ ಪರಿಹಾರ ತಂದಿತು. ಸಾಮಾನ್ಯ ಪಿಸಿ ವರ್ಗದ ಪ್ರೊಸೆಸರಿನಲ್ಲೂ ವರ್ಚುವಲ್ ಯಂತ್ರ ನಡೆಸಬಹುದೆಂದು ಅದು 1999ರ ವರ್ಕ್‌ಸ್ಟೇಷನ್ ಮೂಲಕ ತೋರಿಸಿತು, 2001ರಲ್ಲಿ ಇಎಸ್‌ಎಕ್ಸ್ ಸರ್ವರನ್ನು ಹೊರತಂದಿತು. ಇಎಸ್‌ಎಕ್ಸ್ ಜತೆಗೆ ಯುನಿಕ್ಸ್ ಮಾದರಿಯ ಲಿನಕ್ಸ್ ಆಧಾರದ ಒಂದು ಸರ್ವಿಸ್ ಕನ್ಸೋಲ್ ಬರುತ್ತಿತ್ತು. ‘ವಿಎಂಕೆಎಫ್‌ಎಸ್‌ಟೂಲ್ಸ್’ ಎಂಬ ಕಮಾಂಡಿನಿಂದ ವಿಎಂನ ಡಿಸ್ಕನ್ನು ಸೃಷ್ಟಿಸಬಹುದಿತ್ತು, ನಕಲು ಮಾಡಬಹುದಿತ್ತು, ಹಿಗ್ಗಿಸಬಹುದಿತ್ತು. ‘ಇಎಸ್‌ಎಕ್ಸ್‌ಟಾಪ್’ ಯಾವ ವಿಎಂ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಎಂದು ತೋರಿಸುತ್ತಿತ್ತು. ವಿಎಂವೇರ್‌ನ ಮುಖ್ಯ ಆಕರ್ಷಣೆ ಅದರ ಕಿಟಕಿ, ಗುಂಡಿಗಳ ಕ್ಲೈಂಟ್ ಆಗಿದ್ದರೂ, ಆ ಕ್ಲೈಂಟ್ ಕೈಕೊಟ್ಟಾಗ ಎಲ್ಲರೂ ಓಡುತ್ತಿದ್ದದ್ದು ಕನ್ಸೋಲ್‌ಗೆ. 2010ರ 4.1 ಆವೃತ್ತಿಯೊಂದಿಗೆ ಸರ್ವಿಸ್ ಕನ್ಸೋಲ್ ಮುಗಿಯಿತು. ಅದರ ಜಾಗವನ್ನು ‘ಇಎಸ್‌ಎಕ್ಸ್‌ಸಿಎಲ್‌ಐ’ ತುಂಬಿತು. ವಿಂಡೋಸ್ ಬಲ್ಲವರಿಗೆ ಪವರ್‌ಶೆಲ್ ಮೇಲೆ ಕಟ್ಟಿದ ಪವರ್‌ಸಿಎಲ್‌ಐ ಅಷ್ಟರಲ್ಲೇ ಬಂದಿತ್ತು. ನೂರಾರು ವಿಎಂಗಳಲ್ಲಿ ಯಾವುದಕ್ಕೆ ಹಳೆಯ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ದಾಖಲೆ) ಅಂಟಿಕೊಂಡು ಡಿಸ್ಕ್ ತಿನ್ನುತ್ತಿದೆ ಎಂದು ಹುಡುಕಲು ಗುಂಡಿ ಒತ್ತುತ್ತ ಕೂತರೆ ಒಂದು ಪಾಳಿ ಬೇಕು, ಪವರ್‌ಸಿಎಲ್‌ಐನಲ್ಲಿ ಒಂದು ಸಾಲು ಸಾಕು.

ಆದರೆ ಈ ಪ್ರದೇಶದ ಹುಡುಗರಿಗೆ ಕಸುಬಿನ ಬಾಗಿಲು ತೆರೆದದ್ದು ದುಬಾರಿ ಲೈಸೆನ್ಸಿನ ವಿಎಂವೇರ್‌ಗಿಂತ ಹೆಚ್ಚಾಗಿ ಮುಕ್ತ ತಂತ್ರಾಂಶ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಝೆನ್ 2003ರಲ್ಲಿ ಹೊರಬಂತು. ಅದರ ಕಮಾಂಡ್ ‘ಎಕ್ಸ್‌ಎಂ’. ಇಂಟೆಲ್ ಮತ್ತು ಎಎಂಡಿ 2005–06ರಲ್ಲಿ ವರ್ಚುವಲ್ ಯಂತ್ರಗಳಿಗೆ ಬೇಕಾದ ಅನುಕೂಲವನ್ನು ಪ್ರೊಸೆಸರಿನಲ್ಲೇ ಕೊರೆದವು. ಅದನ್ನು ಬಳಸಿಕೊಂಡು ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಆವಿ ಕಿವಿಟಿ 2006ರಲ್ಲಿ ಕೆವಿಎಂ ಬರೆದರು. 2007ರ ಫೆಬ್ರವರಿಯ 2.6.20 ಆವೃತ್ತಿಯಿಂದ ಅದು ಲಿನಕ್ಸ್ ಕರ್ನಲ್‌ನ ಭಾಗವೇ ಆಯಿತು. ಫ್ಯಾಬ್ರಿಸ್ ಬೆಲ್ಲಾರ್ಡ್ ಬರೆದ ಕ್ಯೂಎಮು ಅದಕ್ಕೆ ಜತೆಯಾಗಿ ಡಿಸ್ಕ್, ನೆಟ್‌ವರ್ಕ್ ಮುಂತಾದ ಸಾಧನಗಳನ್ನು ನಟಿಸಿ ತೋರಿಸಿತು. ಕ್ಯೂಎಮುವನ್ನು ನೇರವಾಗಿ ನಡೆಸಬೇಕೆಂದರೆ ಪರದೆಯ ಅಗಲ ಮೀರಿ ನಾಲ್ಕಾರು ಸಾಲಿಗೆ ಹರಿಯುವಷ್ಟು ಆಯ್ಕೆಗಳನ್ನು ಟೈಪ್ ಮಾಡಬೇಕು. ಅದನ್ನು ಮನುಷ್ಯರು ಬಳಸುವಂತೆ ಮಾಡಿದ್ದು ಲಿಬ್‌ವರ್ಟ್.

ಲಿಬ್‌ವರ್ಟ್ ಶುರುವಾದದ್ದು 2005ರ ಕೊನೆಯಲ್ಲಿ, ರೆಡ್‌ಹ್ಯಾಟ್ ಕಂಪನಿಯ ಡೇನಿಯಲ್ ವೇಯಾರ್ ಅವರ ಕೈಯಲ್ಲಿ. ಕೆಳಗಿನ ಹೈಪರ್‌ವೈಸರ್ ಯಾವುದೇ ಇರಲಿ, ಮೇಲಿನಿಂದ ಒಂದೇ ರೀತಿಯಲ್ಲಿ ಮಾತಾಡುವಂತಿರಬೇಕು ಎಂಬುದು ಅದರ ಉದ್ದೇಶ. ಅದರ ಜತೆ ಬಂದ ಕಮಾಂಡ್ ‘ವರ್ಶ್’. ಈ ಕಸುಬಿನಲ್ಲಿ ಇದಕ್ಕಿಂತ ಹೆಚ್ಚು ಬಾಳಿಕೆ ಬಂದ ಸಲಕರಣೆ ಇನ್ನೊಂದು ಸಿಗುವುದು ಕಷ್ಟ. ರೆಡ್‌ಹ್ಯಾಟ್ ತನ್ನ ಲಿನಕ್ಸಿನ 2007ರ 5ನೇ ಆವೃತ್ತಿಯಲ್ಲಿ ಝೆನ್ ಕೊಟ್ಟಿತು, 2009ರ 5.4ರಲ್ಲಿ ಕೆವಿಎಂ ಸೇರಿಸಿತು, 2010ರ 6ನೇ ಆವೃತ್ತಿಯಲ್ಲಿ ಝೆನ್ ಹೋಸ್ಟನ್ನು ಕೈಬಿಟ್ಟಿತು. ‘ಎಕ್ಸ್‌ಎಂ’ ಒಂದನ್ನೇ ಕಲಿತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ‘ವರ್ಶ್’ ಕಲಿತವರಿಗೆ ಹೆಚ್ಚೇನೂ ಬದಲಾಗಲಿಲ್ಲ.

‘ವರ್ಶ್’ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ವಿಎಂ ಎಂದರೆ ಅದಕ್ಕೆ ಒಂದು ಎಕ್ಸ್‌ಎಂಎಲ್ ಕಡತ: ಹೆಸರು, ಮೆಮೊರಿ, ಎಷ್ಟು ಪ್ರೊಸೆಸರ್, ಡಿಸ್ಕ್ ಎಲ್ಲಿದೆ, ಯಾವ ನೆಟ್‌ವರ್ಕ್. ವಿಎಂ/370ರ ಡೈರೆಕ್ಟರಿ ನಮೂದಿನ ನೇರ ವಂಶಜ ಇದು. ‘ಡಿಫೈನ್’ ಎಂದು ಈ ಕಡತವನ್ನು ಒಪ್ಪಿಸಿದರೆ ಯಂತ್ರ ಲೆಕ್ಕಕ್ಕೆ ಬರುತ್ತದೆ. ‘ಸ್ಟಾರ್ಟ್’ ಎಂದರೆ ಏಳುತ್ತದೆ. ‘ಶಟ್‌ಡೌನ್’ ಎಂಬುದು ಒಂದು ವಿನಂತಿ ಮಾತ್ರ: ಒಳಗಿನ ಆಪರೇಟಿಂಗ್ ಸಿಸ್ಟಂ ಅದನ್ನು ಕೇಳಿಸಿಕೊಂಡು ತಾನಾಗಿ ಮಲಗಬೇಕು, ಅದು ಜಡ್ಡುಗಟ್ಟಿದ್ದರೆ ವಿನಂತಿ ವ್ಯರ್ಥ. ಆಗ ‘ಡಿಸ್ಟ್ರಾಯ್’ ಬಳಸುತ್ತಾರೆ. ಹೆಸರು ಕೇಳಿ ಹೊಸಬರು ಹೆದರುತ್ತಾರೆ, ಆದರೆ ಅದು ಮಾಡುವುದು ಕರೆಂಟ್ ಕೀಳುವ ಕೆಲಸ ಅಷ್ಟೇ. ಡಿಸ್ಕ್ ಉಳಿಯುತ್ತದೆ, ಬರೆಯುತ್ತಿದ್ದ ಡೇಟಾ ಅರ್ಧಕ್ಕೆ ನಿಂತಿರಬಹುದು. ನಿಜವಾಗಿ ಹೆದರಬೇಕಾದದ್ದು ‘ಅನ್‌ಡಿಫೈನ್’ ಕಮಾಂಡಿಗೆ, ಅದರಲ್ಲೂ ಡಿಸ್ಕನ್ನೂ ಜತೆಗೇ ಅಳಿಸುವ ಆಯ್ಕೆ ಕೊಟ್ಟಾಗ. ಹಾಗೆ ಅಳಿಸಿದ್ದು ಬ್ಯಾಕಪ್ ಇಲ್ಲದಿದ್ದರೆ ಹೋದಂತೆಯೇ.

ಎಲ್ಲಕ್ಕಿಂತ ಬೆರಗಿನದು ‘ಮೈಗ್ರೇಟ್’. ನಡೆಯುತ್ತಿರುವ ವಿಎಂ ಒಂದನ್ನು ನಿಲ್ಲಿಸದೆ ಇನ್ನೊಂದು ಸರ್ವರಿಗೆ ಸಾಗಿಸುವ ಈ ವಿದ್ಯೆಯನ್ನು ವಿಎಂವೇರ್ 2003ರಲ್ಲಿ ಮಾರುಕಟ್ಟೆಗೆ ತಂದಿತ್ತು. ಝೆನ್‌ನ ಕೇಂಬ್ರಿಜ್ ತಂಡ 2005ರಲ್ಲಿ ಅದರ ರೀತಿಯನ್ನು ಪ್ರಬಂಧವಾಗಿ ವಿವರಿಸಿತು. ಮೊದಲು ವಿಎಂನ ಮೆಮೊರಿಯನ್ನೆಲ್ಲ ಹೊಸ ಸರ್ವರಿಗೆ ನಕಲು ಮಾಡುತ್ತಾರೆ. ಅಷ್ಟರಲ್ಲಿ ವಿಎಂ ಕೆಲಸ ಮಾಡುತ್ತಲೇ ಇದ್ದು ಕೆಲವು ಪುಟಗಳು ಬದಲಾಗಿರುತ್ತವೆ. ಬದಲಾದವನ್ನು ಮತ್ತೆ ನಕಲು ಮಾಡುತ್ತಾರೆ. ಸುತ್ತು ಸುತ್ತಿಗೂ ಉಳಿಕೆ ಕಡಿಮೆಯಾಗಿ, ಕೊನೆಗೆ ಒಂದು ಕ್ಷಣ ಯಂತ್ರವನ್ನು ತಡೆದು ಮಿಕ್ಕಿದ್ದನ್ನು ದಾಟಿಸುತ್ತಾರೆ. ಕೇಂಬ್ರಿಜ್ ತಂಡದ ಪ್ರಯೋಗವೊಂದರಲ್ಲಿ ಆಟದ ಸರ್ವರ್ ನಿಂತದ್ದು 60 ಮಿಲಿಸೆಕೆಂಡು ಮಾತ್ರ, ಆಡುತ್ತಿದ್ದವರಿಗೆ ತಿಳಿಯಲಿಲ್ಲ. ಸರ್ವರಿನ ಫ್ಯಾನ್ ಕೆಟ್ಟರೆ ಬ್ಯಾಂಕಿನ ಸೇವೆ ನಿಲ್ಲಿಸಿ ಸರಿಪಡಿಸಲು ರಾತ್ರಿಯವರೆಗೆ ಕಾಯುವ ಅಗತ್ಯ ಆ ಮೇಲೆ ಇಲ್ಲವಾಯಿತು.

ಕಲಿಯುವ ಬಗೆಯೂ ಈ ಊರುಗಳಿಗೆ ಒಗ್ಗುವಂಥದು. ಮುಂಬಯಿಯ ಕನ್ನಡಿಗರಿಗೆ ರಾತ್ರಿಶಾಲೆಯ ಪರಂಪರೆ ಹಳೆಯದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಬ್ಯಾಂಕು, ಕಚೇರಿಗಳಿಗೆ ಸೇರಿದ ತಲೆಮಾರು ಆಮೇಲೆ ಬಾಡಿಗೆ ಕಡಿಮೆಯಿದ್ದ ಠಾಣೆ, ಡೊಂಬಿವಲಿಗಳಿಗೆ ಸಂಸಾರ ತಂದಿತು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ್ದೂ ಆ ಓದಿನ ಹಂಬಲದಿಂದ. ಮರಾಠಿ, ಗುಜರಾತಿ, ತಮಿಳು ಮನೆಗಳ ಮಕ್ಕಳೊಡನೆ ಅಂಥ ಮನೆಗಳ ಮಕ್ಕಳೂ ಸಂಜೆಯ ಲಿನಕ್ಸ್ ತರಗತಿಗಳಲ್ಲಿ ಕೂತರು. ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಇ ಪರೀಕ್ಷೆ ಪೂರ್ತಿ ಪ್ರಾಯೋಗಿಕ. ಉತ್ತರಕ್ಕೆ ಟಿಕ್ ಹಾಕುವಂತಿಲ್ಲ. ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು, ಯಂತ್ರವನ್ನು ಮತ್ತೆ ಎಬ್ಬಿಸಿದಾಗಲೂ ಮಾಡಿದ ಕೆಲಸ ನಿಲ್ಲಬೇಕು. 2010ರ ನಂತರ ಅದರ ಮೊದಲ ಮೆಟ್ಟಿಲಾಗಿ ಆರ್‌ಎಚ್‌ಸಿಎಸ್‌ಎ ಬಂತು. ಅಭ್ಯಾಸಕ್ಕೆ ಹಣ ಕೊಡಬೇಕಿರಲಿಲ್ಲ: ರೆಡ್‌ಹ್ಯಾಟ್‌ಗೆ ಬದಲು ಅದೇ ಮೂಲದ ಸೆಂಟ್‌ಒಎಸ್, ಜತೆಗೆ ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೊಟೆಕ್ 2007ರಲ್ಲಿ ಮುಕ್ತವಾಗಿ ಬಿಟ್ಟ ವರ್ಚುವಲ್‌ಬಾಕ್ಸ್ ಮರುವರ್ಷ ಸನ್ ಕಂಪನಿಗೂ 2010ರಲ್ಲಿ ಒರಾಕಲ್‌ಗೂ ಹೋಯಿತು, ಆದರೂ ಉಚಿತವಾಗಿ ಸಿಗುವುದು ನಿಲ್ಲಲಿಲ್ಲ. ಅದರ ‘ವಿಬಾಕ್ಸ್‌ಮ್ಯಾನೇಜ್’ ಕಮಾಂಡಿನಿಂದ ಪರದೆಯೇ ತೆರೆಯದಂತೆ ವಿಎಂ ಎಬ್ಬಿಸಿದರೆ ಹಳೆಯ ಮನೆ ಕಂಪ್ಯೂಟರಿನ ಅಲ್ಪ ಮೆಮೊರಿಯೂ ಎರಡು ಮೂರು ಸರ್ವರುಗಳ ಅಭ್ಯಾಸಕ್ಕೆ ಸಾಲುತ್ತಿತ್ತು. ಬೆಲೆಬಾಳುವ ಯಂತ್ರವನ್ನು ಕಣ್ಣಾರೆ ಕಾಣದವರೂ ಅದನ್ನು ನಡೆಸುವ ವಿದ್ಯೆಯನ್ನು ಪೂರ್ತಿಯಾಗಿ ಕಲಿಯಲು ಸಾಧ್ಯವಾದದ್ದು ಈ ಕಸುಬಿನ ದೊಡ್ಡ ಪುಣ್ಯ.

ಕಲಿತವರು ಕೆಲಸಕ್ಕೆ ಹೋಗುವ ದಿಕ್ಕೂ ಬದಲಾಗಿತ್ತು. ಡೊಂಬಿವಲಿ, ಕಲ್ಯಾಣ್‌ಗಳ ಜನ ಒಂದೂವರೆ ಶತಮಾನ ಕಾಲ ದುಡಿಮೆಗೆ ದಕ್ಷಿಣಕ್ಕೇ, ಮುಂಬಯಿಯ ಕಡೆಗೇ, ಹೋದವರು. 1853ರ ಏಪ್ರಿಲ್ 16ರಂದು ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ಬಂದ ರೈಲು ಹಾಕಿದ ದಾರಿ ಅದು. ಹಾರ್ಬರ್ ಲೈನ್ 1992ರಲ್ಲಿ ವಾಶಿಗೆ ಮುಟ್ಟಿತು. 2004ರಲ್ಲಿ ಠಾಣೆ–ವಾಶಿ ಟ್ರಾನ್ಸ್‌ಹಾರ್ಬರ್ ಮಾರ್ಗ ಪ್ರಯಾಣಿಕರಿಗೆ ತೆರೆಯಿತು. ಠಾಣೆಯಲ್ಲಿ ಗಾಡಿ ಬದಲಿಸಿದರೆ ಐರೋಲಿ, ರಬಾಳೆ, ಘಣಸೋಲಿ, ಕೋಪರ್‌ಖೈರಣೆ, ತುರ್ಭೆ ಸಾಲಾಗಿ ಬರುತ್ತವೆ. ಡೇಟಾ ಸೆಂಟರುಗಳ ಸಾಲೂ ಅದೇ. ಈ ಮಾರ್ಗವಿಲ್ಲದಿದ್ದರೆ ಇಪ್ಪತ್ತನಾಲ್ಕು ಗಂಟೆಯ ಪಾಳಿಗೆ ಜನ ಸಿಗುವುದು ಕಷ್ಟವಿತ್ತು.

ಪಾಳಿಯ ಕೆಲಸ ಕಮಾಂಡನ್ನು ಕಾಗದದಂತೆ ಬಳಸಿತು. ರಾತ್ರಿ ಹನ್ನೊಂದರಿಂದ ನಸುಕಿನವರೆಗಿನ ಹೊತ್ತು ಬ್ಯಾಂಕಿನ ಸರ್ವರುಗಳಲ್ಲಿ ಬದಲಾವಣೆಗೆ ಅನುಮತಿ ಇರುವ ಹೊತ್ತು. ಯಾವ ಬದಲಾವಣೆಗೂ ಮೊದಲು ಟಿಕೆಟ್ ಬರೆಯಬೇಕು. ಅದರಲ್ಲಿ ಯಾವ ಸರ್ವರಿನಲ್ಲಿ ಯಾವ ಕಮಾಂಡ್, ಯಾವ ಕ್ರಮದಲ್ಲಿ, ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಕಮಾಂಡ್ ಯಾವುದು ಎಂದು ಸಾಲುಸಾಲಾಗಿ ಇರಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಒಬ್ಬ ಗುಮಾಸ್ತ ಬರೆದದ್ದಕ್ಕೆ ಅಧಿಕಾರಿಯ ರುಜು ಬೀಳದೆ ಲೆಕ್ಕ ಪಾಸಾಗದು ಎಂಬ ಬ್ಯಾಂಕಿನ ಹಳೆಯ ಶಿಸ್ತೇ ಸರ್ವರ್ ಕೋಣೆಗೆ ಬಂದದ್ದು ಹೀಗೆ. ರಿಸರ್ವ್ ಬ್ಯಾಂಕ್ ಗೋಪಾಲಕೃಷ್ಣ ಸಮಿತಿಯ ವರದಿಯ ಆಧಾರದಲ್ಲಿ 2011ರ ಏಪ್ರಿಲ್‌ನಲ್ಲಿ ಮಾಹಿತಿ ಭದ್ರತೆಯ ಮಾರ್ಗಸೂಚಿ ಹೊರಡಿಸಿದ ಮೇಲೆ ಇದು ಇನ್ನೂ ಬಿಗಿಯಾಯಿತು. ಯಾರು ಯಾವಾಗ ಏನು ಟೈಪ್ ಮಾಡಿದರು ಎಂಬುದನ್ನು ದಾಖಲಿಸುವ ಸಾಧನಗಳು ಬಂದವು. ಮೌಸಿನಿಂದ ಒತ್ತಿದ ಗುಂಡಿಯನ್ನು ಟಿಕೆಟಿನಲ್ಲಿ ಬರೆಯುವುದು, ಮೊದಲೇ ಪರಿಶೀಲಿಸುವುದು, ಆಡಿಟರಿಗೆ ತೋರಿಸುವುದು ಪ್ರಯಾಸ. ಕಮಾಂಡ್ ಬರೆದ ಹಾಗೆ ನಡೆಯುತ್ತದೆ, ನಡೆದ ಹಾಗೆ ದಾಖಲಾಗುತ್ತದೆ.

ಈ ಕಸುಬಿನ ನಿಜವಾದ ಪರೀಕ್ಷೆ ಆಪತ್ತಿನ ದಿನಗಳಲ್ಲಿ ನಡೆಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಉಲ್ಹಾಸ ನದಿ ಉಕ್ಕಿ ಕಲ್ಯಾಣ್ ಸುತ್ತಮುತ್ತ ಮುಳುಗಿತು. ಕಚೇರಿಯಲ್ಲಿದ್ದವರು ಅಲ್ಲೇ, ಮನೆಯಲ್ಲಿದ್ದವರು ಮನೆಯಲ್ಲೇ ಸಿಕ್ಕಿಕೊಂಡರು. ಒಂದು ಊರಿನ ಡೇಟಾವನ್ನು ದೂರದ ಇನ್ನೊಂದು ಊರಿನಲ್ಲೂ ಇಡಬೇಕೆಂಬ ಮಾತಿನ ತೂಕ ಆ ದಿನ ಈ ಊರುಗಳಿಗೆ ತಿಳಿಯಿತು.

2020ರ ಅಕ್ಟೋಬರ್ 12ರ ಬೆಳಗ್ಗೆ ಹತ್ತರ ಸುಮಾರಿಗೆ ಬೇರೆ ರೀತಿಯ ಆಪತ್ತು ಬಂತು. ಠಾಣೆಯ ಕಳ್ವಾ ಮತ್ತು ಪಡಘೆ ನಡುವಿನ 400 ಕೆವಿ ವಿದ್ಯುತ್ ಮಾರ್ಗಗಳು ಕೈಕೊಟ್ಟು ಮುಂಬಯಿ, ಠಾಣೆ, ನವಿಮುಂಬಯಿ ಕತ್ತಲಾದವು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಕೆಲವೆಡೆ ಕರೆಂಟ್ ಮರಳಿದ್ದು ರಾತ್ರಿಯ ಹೊತ್ತಿಗೆ. ಇಂಥ ಗಳಿಗೆಯಲ್ಲಿ ಡೇಟಾ ಸೆಂಟರಿನಲ್ಲಿ ಮೊದಲು ಯುಪಿಎಸ್ ಭಾರ ಹೊರುತ್ತದೆ, ಅಷ್ಟರಲ್ಲಿ ಡೀಸೆಲ್ ಜನರೇಟರುಗಳು ಎದ್ದುಕೊಳ್ಳುತ್ತವೆ. ಅಂಥ ಏರ್ಪಾಡಿಲ್ಲದ ಸಣ್ಣ ಕಚೇರಿಗಳ ಸರ್ವರುಗಳು ಬೀಳುತ್ತವೆ. ಬಿದ್ದದ್ದನ್ನು ಎಬ್ಬಿಸುವುದಕ್ಕೂ ಕ್ರಮ ಬೇಕು: ಮೊದಲು ಸ್ಟೋರೇಜ್, ಆಮೇಲೆ ಹೆಸರು–ವಿಳಾಸ ಹೇಳುವ ಡಿಎನ್‌ಎಸ್, ಆಮೇಲೆ ಡೇಟಾಬೇಸ್, ಕೊನೆಗೆ ಅಪ್ಲಿಕೇಶನ್. ಎಲ್ಲ ವಿಎಂಗಳಿಗೂ ‘ಆಟೋಸ್ಟಾರ್ಟ್’ ಕೊಟ್ಟು ಒಟ್ಟಿಗೆ ಎಬ್ಬಿಸಿದರೆ ಡೇಟಾಬೇಸ್ ಏಳುವ ಮೊದಲೇ ಅಪ್ಲಿಕೇಶನ್ ಎದ್ದು ಸೋಲುತ್ತದೆ. ಅನುಭವಿಗಳು ಈ ಕ್ರಮವನ್ನು ಸ್ಕ್ರಿಪ್ಟಿನಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ.

ಅದೇ ವರ್ಷ ಮಾರ್ಚ್ 23ರಿಂದ ಕೊರೊನಾದಿಂದಾಗಿ ಉಪನಗರ ರೈಲು ನಿಂತಿತ್ತು. ಜೂನ್ 15ರಂದು ಅಗತ್ಯ ಸೇವೆಯವರಿಗಷ್ಟೇ ಮತ್ತೆ ಶುರುವಾಯಿತು. ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ, ಮಕ್ಕಳ ಆನ್‌ಲೈನ್ ಪಾಠಕ್ಕೂ ಅಪ್ಪನ ವಿಪಿಎನ್‌ಗೂ ಒಂದೇ ಮೊಬೈಲಿನ ಇಂಟರ್ನೆಟ್ ಹಂಚಿಕೆಯಾಗಬೇಕಾದಲ್ಲಿ, ದೂರದ ಡೆಸ್ಕ್‌ಟಾಪಿನ ಚಿತ್ರ ಪರದೆಗೆ ಬರುವಷ್ಟರಲ್ಲಿ ತಡವರಿಸುತ್ತದೆ. ಎಸ್‌ಎಸ್‌ಎಚ್ ಎಂಬ ದೂರದ ಲಾಗಿನ್ ಮೂಲಕ ಟೈಪ್ ಮಾಡಿದ ಸಾಲು ಅಂಥಲ್ಲೂ ಸಲೀಸಾಗಿ ಮುಟ್ಟುತ್ತದೆ. ಸಾಗರದಾಚೆಯ ಮೇನ್‌ಫ್ರೇಮಿಗಾಗಿ ರೂಢಿಯಾದ ಅಭ್ಯಾಸ ಹತ್ತಿಪ್ಪತ್ತು ಕಿಲೋಮೀಟರಿನ ದೂರಕ್ಕೂ ಅಷ್ಟೇ ಅಗತ್ಯವಾಯಿತು.

ಈ ನಡುವೆ ಯಂತ್ರಗಳ ಒಡೆತನ ಬದಲಾಗುತ್ತಿತ್ತು. ಅಮೆಜಾನ್ 2006ರಲ್ಲಿ ವಿಎಂಗಳನ್ನು ಗಂಟೆಯ ಬಾಡಿಗೆಗೆ ಕೊಡಲಾರಂಭಿಸಿತು. 2016ರ ಜೂನ್‌ನಲ್ಲಿ ಅದರ ಮುಂಬಯಿ ವಲಯ ತೆರೆಯಿತು. ಮೈಕ್ರೋಸಾಫ್ಟ್ ಅದಕ್ಕೂ ಮುಂಚೆ 2015ರಲ್ಲಿ, ಗೂಗಲ್ 2017ರಲ್ಲಿ ಮುಂಬಯಿಗೆ ಬಂದವು. ಹಣ ಪಾವತಿಯ ದಾಖಲೆಗಳನ್ನು ಭಾರತದಲ್ಲಿಯೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿದ್ದು ಈ ದಂಡೆಯ ಕಟ್ಟಡಗಳಿಗೆ ಇನ್ನಷ್ಟು ಕೆಲಸ ಕೊಟ್ಟಿತು. 2020ರಲ್ಲಿ ಪನ್ವೇಲ್‌ನಲ್ಲಿ ಶುರುವಾದ ಯೋಟ್ಟಾ ಎನ್‌ಎಂ1 ಕಟ್ಟಡ 7,200 ರ್ಯಾಕ್‌ಗಳ ಸಾಮರ್ಥ್ಯದ್ದು. ಬಾಡಿಗೆ ವಿಎಂಗೆ ‘ವರ್ಶ್’ ಇಲ್ಲ. ಹೈಪರ್‌ವೈಸರ್ ಬಾಡಿಗೆ ಕೊಟ್ಟವರ ಕೈಯಲ್ಲಿರುತ್ತದೆ. ಬಾಡಿಗೆದಾರನಿಗೆ ಸಿಗುವುದು ‘ಎಡಬ್ಲ್ಯೂಎಸ್’, ‘ಜಿಕ್ಲೌಡ್’, ‘ಎಝಡ್’ ಎಂಬಂಥ ಕಮಾಂಡುಗಳು. ಮಿಚೆಲ್ ಹಶಿಮೊಟೊ 2010ರಲ್ಲಿ ಹೊರತಂದ ವೇಗ್ರಂಟ್, 2012ರ ಆನ್ಸಿಬಲ್, 2014ರ ಟೆರಾಫಾರ್ಮ್ ಇನ್ನೊಂದು ಹೆಜ್ಜೆ ಇಟ್ಟವು. ಹೀಗೆ ಮಾಡು, ಹಾಗೆ ಮಾಡು ಎಂದು ಒಂದೊಂದಾಗಿ ಹೇಳುವ ಬದಲು ಕೊನೆಗೆ ಹೇಗಿರಬೇಕು ಎಂಬುದನ್ನು ಕಡತದಲ್ಲಿ ಬರೆದರೆ, ಇರುವುದಕ್ಕೂ ಬೇಕಾದದ್ದಕ್ಕೂ ನಡುವಿನ ವ್ಯತ್ಯಾಸವನ್ನು ಅವೇ ತುಂಬಿಕೊಡುತ್ತವೆ. ಒಂದೇ ಸಾಲಿನಿಂದ ನೂರು ಯಂತ್ರಗಳು ಹುಟ್ಟುತ್ತವೆ. ತಪ್ಪಿದರೆ ಒಂದೇ ಸಾಲಿನಿಂದ ನೂರು ಯಂತ್ರಗಳು ಅಳಿಯುತ್ತವೆ. ಅದಕ್ಕೇ ಟೆರಾಫಾರ್ಮ್ ಮೊದಲು ‘ಪ್ಲಾನ್’ ತೋರಿಸಿ, ಓದಿ ಒಪ್ಪಿದ ಮೇಲಷ್ಟೇ ‘ಅಪ್ಲೈ’ ಮಾಡುತ್ತದೆ. ಪಾಳಿಯಲ್ಲಿ ರಾತ್ರಿ ಎಚ್ಚರವಿದ್ದು ಒಂದೊಂದೇ ಕಮಾಂಡ್ ಕೊಡುವ ಹುದ್ದೆಗಳು ಇದರಿಂದ ಕಡಿಮೆಯಾದವು, ಮತ್ತು ಆ ನಷ್ಟ ಸಣ್ಣದಲ್ಲ: ಕಸುಬಿಗೆ ಹೊಸಬರು ಕಾಲಿಡುತ್ತಿದ್ದದ್ದು ಆ ಮೆಟ್ಟಿಲಿನಿಂದಲೇ. ಈಗ ಮೊದಲ ದಿನವೇ ಕಡತ ಬರೆಯಲು ಬಲ್ಲವರನ್ನು ಕೇಳುತ್ತಾರೆ.

2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ತನ್ನದಾಗಿಸಿಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸಬಹುದಾದ ಲೈಸೆನ್ಸುಗಳ ಮಾರಾಟ ನಿಂತು, ಚಂದಾ ಮಾತ್ರ ಉಳಿಯಿತು. ಲೋಕದಾದ್ಯಂತ ಸಂಸ್ಥೆಗಳು ಬೇರೆ ದಾರಿ ಹುಡುಕತೊಡಗಿದವು. ಕೆವಿಎಂ ಆಧಾರದ ಪ್ರಾಕ್ಸ್‌ಮಾಕ್ಸ್‌ನ ‘ಕ್ಯೂಎಂ’ ಕಮಾಂಡ್, ವಿಎಂವೇರ್‌ನ ವಿಎಂಗಳನ್ನು ಕೆವಿಎಂಗೆ ಹೊಂದಿಸಿ ತರುವ ‘ವರ್ಟ್-ವಿ2ವಿ’, ಡಿಸ್ಕಿನ ಮಾದರಿಯನ್ನು ಬದಲಿಸುವ ‘ಕ್ಯೂಎಮು-ಇಮ್ಗ್ ಕನ್ವರ್ಟ್’ ಮತ್ತೆ ಬೇಡಿಕೆಗೆ ಬಂದವು. ಹಳೆಯ ವಿಎಂ ಒಂದನ್ನು ಹೀಗೆ ಸಾಗಿಸುವಾಗ ಒಳಗಿನ ಡಿಸ್ಕ್ ಮತ್ತು ನೆಟ್‌ವರ್ಕಿನ ಡ್ರೈವರುಗಳು ಬದಲಾಗಬೇಕು, ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ವಿಳಾಸ ತಪ್ಪಿಹೋಗಬಹುದು, ವಿಂಡೋಸ್ ಆದರೆ ಮತ್ತೆ ನೋಂದಣಿ ಕೇಳಬಹುದು. ಸಲಕರಣೆ ಇವುಗಳಲ್ಲಿ ಹೆಚ್ಚಿನದನ್ನು ತಾನೇ ನೋಡಿಕೊಳ್ಳುತ್ತದೆ. ಮಿಕ್ಕಿದ್ದನ್ನು ಪ್ರತಿ ವಿಎಂಗೂ ಬೇರೆಯಾಗಿ, ಡೌನ್‌ಟೈಮ್ ಸಿಕ್ಕ ರಾತ್ರಿ, ಟಿಕೆಟಿನಲ್ಲಿ ಬರೆದ ಕ್ರಮದಲ್ಲೇ ಮಾಡಿ ಮುಗಿಸಬೇಕು. ಝೆನ್‌ನಿಂದ ಕೆವಿಎಂಗೆ ಹೋದ ದಿನಗಳಲ್ಲಿ ‘ವರ್ಶ್’ ಹಿಡಿದು ಕಲಿತವರು ಈಗ ತಂಡಗಳ ಹಿರಿಯರಾಗಿದ್ದಾರೆ, ಸ್ಥಳಾಂತರದ ಕ್ರಮ ಬರೆಯುವ ಕೆಲಸ ಅವರದು.